ಎಲ್ಲರೂ ಆಪಾ

ನಾನು ಬಾಯಿಬಡಕ. ದಾಂಡೇಲಿಯಲ್ಲಿ ನಾನು ಚಹಾ ಕುಡಿಯುವ ಯಾವ ಅಂಗಡಿಯಲ್ಲಿ ವಿಚಾರಿಸಿದರೂ ಇದನ್ನೇ ಹೇಳುತ್ತಾರೆ. ಬಸ್ಸಿನಲ್ಲಿ ಸೀಟಿಗಾಗಿ ಯಾರೋ ಇಬ್ಬರು ಜಗಳಾಡುತ್ತಿದ್ದರೆ ನಡುವೆ ಹೋಗಿ ನ್ಯಾಯ ಹೇಳುವವನು ನಾನು. "ನಿಮಗ ಸಂಬಂಧ ಇಲ್ಲದ್ದರಾಗ ನಿಮ್ಮ ಬಾಯಿ ಭಾಳ ನಡೀತೈತಿ" ಎಂದು ಹೆಂಡತಿ ಅನ್ನುತ್ತಿರುತ್ತಾಳೆ. ಅವಳು ಹೇಳುವುದು ಖರೆ. ನನಗೆ ನೇರ ಸಂಬಂಧವಿದ್ದ ಒಂದು ವಿಷಯದಲ್ಲಿ, ಮಾತಾಡಲೇಬೇಕಾಗಿದ್ದ ಹೊತ್ತಿನಲ್ಲಿ ನಾನು ತುಟಿ ಬಿಚ್ಚಲಿಲ್ಲ. ಅದರಿಂದ ಒಬ್ಬ ಹೆಣ್ಣುಮಗಳ ಹೆಸರು ಕೆಟ್ಟಿತು, ಅದು ಇನ್ನೂ ಸರಿಯಾಗಿಲ್ಲ.

ನಮ್ಮದು ರಟ್ಟಿನ ಪೆಟ್ಟಿಗೆ ಮಾಡುವ ಕಾರ್ಖಾನೆ. ಊರಿನ ಕಾಗದದ ಮಿಲ್ಲಿನ ಮುಂದೆ ನಾವು ಯಾವ ಲೆಕ್ಕಕ್ಕೂ ಇಲ್ಲ. ಆದರೂ ನಾಲ್ಕು ಕಡೆ ಹರಡಿಕೊಂಡಿದ್ದೇವೆ. ದಾಂಡೇಲಿಯಲ್ಲಿ ಮುಖ್ಯ ಕಾರ್ಖಾನೆ, ಹಳಿಯಾಳದಲ್ಲಿ ಪೆಟ್ಟಿಗೆ ಮಡಚುವ ಶೆಡ್ಡು, ಮುಂಡಗೋಡದಲ್ಲಿ ಗೋದಾಮು, ಜೋಯಿಡಾದಲ್ಲಿ ಒಂದೇ ಕೋಣೆಯ ಆಫೀಸು. ನಾಲ್ಕೂ ಕಡೆ ಕಂಪ್ಯೂಟರುಗಳಿವೆ, ಎಲ್ಲಕ್ಕೂ ನಾನೊಬ್ಬನೇ ವೈದ್ಯ. ನೆಟ್‌ವರ್ಕ್ ಹೋಯಿತೆಂದರೆ ಚೀಲ ಹೆಗಲಿಗೆ ಹಾಕಿಕೊಂಡು ಬಸ್ಸು ಹತ್ತುವುದು ನನ್ನ ಉದ್ಯೋಗ.

ದಾಂಡೇಲಿಯ ಆಫೀಸಿನಲ್ಲಿ ಕಂಪ್ಯೂಟರಿನ ಮುಂದೆ ಕೂಡುತ್ತಿದ್ದವರು ಆಪಾ. ನನಗಿಂತ ಹತ್ತು ವರ್ಷ ದೊಡ್ಡವರು. ಅವರ ತಂದೆ ಮೋಟಾರು ರಿಪೇರಿ ಮಾಡುತ್ತಿದ್ದವರು, ಗಂಡ ತೀರಿಕೊಂಡ ಮೇಲೆ ಇವರು ನಮ್ಮಲ್ಲಿ ಕೆಲಸಕ್ಕೆ ಸೇರಿದ್ದರು. ಮ್ಯಾನೇಜರಿನಿಂದ ಹಿಡಿದು ಲಾರಿ ಚಾಲಕರ ತನಕ ಎಲ್ಲರೂ ಅವರನ್ನು ಅಕ್ಕ ಎನ್ನುವಂತೆ ಆಪಾ ಎಂದೇ ಕರೆಯುತ್ತಿದ್ದರು. ಕಂಪ್ಯೂಟರಿನಲ್ಲಿ ಅವರ ಖಾತೆಯನ್ನು ತೆರೆಯುವಾಗ ನಾನು ಅದಕ್ಕೂ ಆಪಾ ಎಂದೇ ಹೆಸರಿಟ್ಟೆ. ನನಗೆ ಅವರು ತಮ್ಮಾ ಅನ್ನುತ್ತಿದ್ದರು. ಡಬ್ಬಿ ತೆರೆದರೆ ಮೊದಲ ತುತ್ತು ನನ್ನ ಕಡೆಗೇ ಬರುತ್ತಿತ್ತು.

ಅಂಟು ಹಚ್ಚುವ ಶೆಡ್ಡಿನಲ್ಲಿ ಗುತ್ತಿಗೆಯ ಹೆಣ್ಣುಮಕ್ಕಳಿದ್ದರು. ಹೆಚ್ಚಿನವರು ಆಪಾನ ಓಣಿಯವರು, ಕೆಲವರು ಮೌಳಂಗಿ ಕಡೆಯಿಂದ ಬರುತ್ತಿದ್ದರು. ಗೇಟಿನಲ್ಲಿ ಕಾರ್ಡು ತೋರಿಸಿದರೆ ತಾನೇ ತೆರೆದುಕೊಳ್ಳುವ ಪದ್ಧತಿ ಬಂದಾಗ ಅವರೆಲ್ಲ ಹೆದರಿದ್ದರು. ಒಬ್ಬೊಬ್ಬರನ್ನೂ ಕೂರಿಸಿಕೊಂಡು, ಫೋಟೋಕ್ಕೆ ತಲೆ ಬಾಚಿ, ಸೆರಗು ಸರಿಮಾಡಿ, ಕಾರ್ಡು ಕೊರಳಿಗೆ ಹಾಕಿ ಕಳಿಸಿದವರು ಆಪಾ. "ನಾ ಮಾಡಿಕೊಟ್ಟ ಕಾರ್ಡು ಐತಿ, ಬಾಗಲಾ ತೆಗೀಲಿಲ್ಲಂದ್ರ ನನ್ನ ಕೇಳ್ರಿ" ಎಂದು ಅವರಿಗೆ ಮಾತು ಕೊಟ್ಟಿದ್ದರು. ಆ ಹೆಂಗಸರ ನಡುವೆ ಆಪಾನ ಮಾತಿಗೆ ಮ್ಯಾನೇಜರನ ಮಾತಿಗಿಂತ ಹೆಚ್ಚು ತೂಕವಿತ್ತು. ಸಂಬಳಕ್ಕಿಂತ ಅದೇ ಅವರಿಗೆ ದೊಡ್ಡದಾಗಿತ್ತು ಎಂದು ನನಗೆ ಚೆನ್ನಾಗಿ ಗೊತ್ತಿತ್ತು.

ಇನ್ನೊಂದು ವಿಷಯ ಹೇಳಬೇಕು. ಆಪಾನ ಕೈಗುಣ ಛಲೋ ಎಂದು ಕಾರ್ಖಾನೆಯಲ್ಲಿ ಎಲ್ಲರೂ ನಂಬಿದ್ದರು. ಖಂಡೇ ಪೂಜೆಯ ದಿನ ಯಂತ್ರಕ್ಕೆ ಕುಂಕುಮ ಹಚ್ಚಿ ಕಾಯಿ ಒಡೆಯುವವರು ನಮ್ಮ ಫೋರ್ಮನ್ನರು, ಸ್ವಿಚ್ಚು ಒತ್ತುವವರು ಆಪಾ. ಹೊಸ ಪ್ರಿಂಟರ್ ಬಂದರೂ ಮೊದಲ ಹಾಳೆ ಅವರ ಕೈಯಿಂದಲೇ ಹೊರಬರಬೇಕು. ಅವರು ರಜೆಯಲ್ಲಿದ್ದರೆ ಪ್ರಿಂಟರ್ ಎರಡು ದಿನ ಪೆಟ್ಟಿಗೆಯೊಳಗೇ ಇರುತ್ತಿತ್ತು. ನಾನು ಕಂಪ್ಯೂಟರ್ ಓದಿದವನು, ಇದನ್ನು ಕಂಡು ನಗುತ್ತಿದ್ದೆ. ಆದರೆ ನಾನೇ ಮಾಡಿದ ದೊಡ್ಡ ತಪ್ಪು ಈ ಕೈಗುಣದ ಹೆಸರಿನಲ್ಲೇ ನಡೆದುಹೋಯಿತು.

ನಾಲ್ಕೂ ಊರಿನ ಕಂಪ್ಯೂಟರುಗಳನ್ನು ಜೋಡಿಸುವ ಕೆಲಸ ನನಗೆ ಬಂತು. ಕಾರ್ಡು, ಹಾಜರಿ, ಲೇಬಲ್ಲು ಎಲ್ಲವೂ ದಾಂಡೇಲಿಯ ಯಂತ್ರದಲ್ಲಿರುತ್ತವೆ. ಹಳಿಯಾಳದಲ್ಲಿ ಕೂತವರು ಅಲ್ಲಿಂದಲೇ ದಾಂಡೇಲಿಯ ಯಂತ್ರಕ್ಕೆ ಒಂದು ಕೆಲಸ ಒಪ್ಪಿಸಬಹುದು. ಅದನ್ನು ನಾವು ಜಾಬ್ ಅನ್ನುತ್ತೇವೆ. ಹೊರಗಿನಿಂದ ಜಾಬ್ ಬಂದರೆ ಅದನ್ನು ಇಲ್ಲಿ ಯಾರ ಅಧಿಕಾರದಲ್ಲಿ ನಡೆಸಬೇಕು ಎಂದು ಯಂತ್ರ ಒಂದು ಪಟ್ಟಿಯನ್ನು ನೋಡುತ್ತದೆ. ಪಟ್ಟಿಯ ಎಡಕ್ಕೆ ಹೊರಗಿನ ಊರು ಮತ್ತು ಅಲ್ಲಿಯವರ ಖಾತೆ, ಬಲಕ್ಕೆ ನಮ್ಮಲ್ಲಿಯ ಖಾತೆ. ಹಳಿಯಾಳದ ಸೂಪರ್‌ವೈಸರನ್ನು ಹಳಿಯಾಳದ ಕಾರ್ಡುಗಳನ್ನಷ್ಟೇ ಮುಟ್ಟಬಲ್ಲ ಖಾತೆಗೆ ಜೋಡಿಸಬೇಕು, ಮುಂಡಗೋಡದ ಗುಮಾಸ್ತನನ್ನು ಗೋದಾಮಿನ ಲೇಬಲ್ಲಿಗೆ ಮಾತ್ರ. ಈ ಜೋಡಿಪಟ್ಟಿಯನ್ನು ಬರೆಯುವ ಹಕ್ಕು ಇದ್ದದ್ದು ನನಗೊಬ್ಬನಿಗೆ.

ಮೊದಲ ದಿನದ ಪರೀಕ್ಷೆಗೆ ಮ್ಯಾನೇಜರ್ ಸಾಹೇಬರು ಬಂದು ನನ್ನ ಬೆನ್ನ ಹಿಂದೆ ನಿಂತರು. ಹಳಿಯಾಳದಿಂದ ಜಾಬ್ ಬಂತು, ಯಂತ್ರ ತಿರಸ್ಕರಿಸಿತು. ಮುಂಡಗೋಡದ್ದೂ ಹಾಗೇ ಆಯಿತು. ನನಗೆ ಬೆವರು ಕಿತ್ತುಕೊಂಡಿತು. ಆಗ ಆಪಾ ತಮ್ಮ ಕುರ್ಚಿಯಿಂದ ಒಂದು ಜಾಬ್ ಕೊಟ್ಟರು, ಅದು ಸರಾಗ ನಡೆಯಿತು. ಸಾಹೇಬರು ಚಪ್ಪಾಳೆ ತಟ್ಟಿ, "ನೋಡ್ರಿ, ಆಪಾನ ಕೈಗುಣ ಅಂದ್ರ ಇದು" ಅಂದರು. ಕೈಗುಣವೂ ಇಲ್ಲ, ಎಂಥದ್ದೂ ಇಲ್ಲ. ಪರೀಕ್ಷೆಗೆಂದು ಆಪಾನ ಖಾತೆಗೆ ನಾನೇ ಎಲ್ಲ ಅಧಿಕಾರ ಕೊಟ್ಟಿಟ್ಟಿದ್ದೆ, ಉಳಿದವರ ಖಾತೆಗಳನ್ನು ಇನ್ನೂ ಸರಿಯಾಗಿ ಹೊಂದಿಸಿರಲಿಲ್ಲ, ಅಷ್ಟೇ. "ಹಂಗಾದ್ರ ಎಲ್ಲಾರದೂ ಆಪಾನ ಹೆಸರಲೆ ನಡೀಲಿ ಬಿಡ್ರಿ" ಎಂದು ಸಾಹೇಬರು ನಗುತ್ತ ಹೊರಟರು.

ಅವರು ತಮಾಷೆಗೆ ಅಂದದ್ದನ್ನು ನಾನು ಹುಕುಮಿನಂತೆ ಹಿಡಿದುಕೊಂಡೆ. ಹನ್ನೊಂದು ಜನರಿಗೆ ಹನ್ನೊಂದು ಸಾಲು ಬರೆದು, ಒಬ್ಬೊಬ್ಬರ ಅಧಿಕಾರವನ್ನೂ ಅಳೆದು ಕೊಡುವ ಬದಲು ಒಂದೊಂದು ಊರಿಗೆ ಒಂದೊಂದು ನಕ್ಷತ್ರದ ಗುರುತು ಹಾಕಿದೆ. ನಕ್ಷತ್ರ ಅಂದರೆ ಯಾರೇ ಬಂದರೂ ಎಂದರ್ಥ. ಹಳಿಯಾಳದಿಂದ ಯಾರೇ ಬಂದರೂ ಇಲ್ಲಿ ಆಪಾ, ಮುಂಡಗೋಡದಿಂದ ಯಾರೇ ಬಂದರೂ ಇಲ್ಲಿ ಆಪಾ. ಗುಪ್ತಪದವನ್ನೂ ಕೇಳುವಂತಿರಲಿಲ್ಲ. ಎಲ್ಲ ಜಾಬುಗಳೂ ಗಡಗಡ ಓಡಿದವು, ನನಗೆ ಎಲ್ಲರೂ ಶಾಭಾಸ್ ಅಂದರು.

ಆಪಾ ಮಾತ್ರ ಒಂದು ಪ್ರಶ್ನೆ ಕೇಳಿದರು. "ಎಲ್ಲಾರೂ ನನ್ನ ಹೆಸರಲೆ ಮಾಡಿದ್ರ, ನಾ ಮಾಡಿದ್ದು ಯಾವುದು, ಅವರು ಮಾಡಿದ್ದು ಯಾವುದು, ಹೆಂಗ ತಿಳೀತೈತಿ ತಮ್ಮಾ?"

"ನಾ ಅದೀನಲ್ಲ ಆಪಾ, ಯಾಕ ಚಿಂತೀ ಮಾಡ್ತೀರಿ? ಮುಂದಿನ ವಾರ ಸರಿ ಮಾಡ್ತೇನಿ" ಅಂದೆ. ಆ ಮುಂದಿನ ವಾರ ಬರಲೇ ಇಲ್ಲ.

ಜೋಯಿಡಾದ ಗುಮಾಸ್ತ ಮಾತ್ರ ಸುಮ್ಮನಿರಲಿಲ್ಲ. ಕೊಂಕಣಿ ಮನುಷ್ಯ, ಕುಂಬಾರವಾಡದಿಂದ ದಿನಕ್ಕೆರಡೇ ಬಸ್ಸು ನಂಬಿಕೊಂಡು ಬರುವವನು. ಮೊದಲ ದಿನವೇ ನನಗೆ ಫೋನು ಹಚ್ಚಿ, "ನನ್ನ ಕೆಲಸ ನನ್ನ ಹೆಸರಲ್ಲೇ ಆಗಬೇಕು, ಬೇರೆಯವರ ಹೆಸರು ನನಗೆ ಬೇಡ" ಎಂದು ಪಟ್ಟು ಹಿಡಿದ. ಬೈದುಕೊಳ್ಳುತ್ತಲೇ ಅವನಿಗೆ ಸರಿಯಾದ ಸಾಲು ಬರೆದುಕೊಟ್ಟೆ. ಹತ್ತು ನಿಮಿಷ ಹಿಡಿಯಿತು. ಹೀಗೆ ಒಬ್ಬೊಬ್ಬರಿಗೂ ಹತ್ತು ನಿಮಿಷ ಕೊಟ್ಟಿದ್ದರೆ ಇವತ್ತು ನಾನು ಇದನ್ನು ಬರೆಯಬೇಕಾಗಿರಲಿಲ್ಲ.

ಸುಮಾರು ಎಂಟು ತಿಂಗಳು ಎಲ್ಲ ಸುಗಮವಾಗಿತ್ತು. ಒಂದು ಸೋಮವಾರ ಬೆಳಿಗ್ಗೆ ನಾನು ಕಾರ್ಖಾನೆಗೆ ಬಂದಾಗ ಗೇಟಿನ ಹೊರಗೆ ಅಂಟು ಶೆಡ್ಡಿನ ಹೆಂಗಸರೆಲ್ಲ ಗುಂಪುಗಟ್ಟಿದ್ದರು. ಯಾರ ಕಾರ್ಡಿಗೂ ಗೇಟು ತೆರೆಯುತ್ತಿರಲಿಲ್ಲ. ಯಂತ್ರದಲ್ಲಿ ಅವರೆಲ್ಲ ಕೆಲಸ ಬಿಟ್ಟು ಹೋದವರು ಎಂದು ದಾಖಲಾಗಿತ್ತು. ಕಾವಲಿನವನಿಗೆ ಅವರೆಲ್ಲರ ಮುಖ ಗೊತ್ತು, ಆದರೂ ಪರದೆಯ ಮೇಲೆ ಕೆಂಪು ಬರುತ್ತಿರುವಾಗ ಬಿಡಲು ಅವನಿಗೆ ಧೈರ್ಯ ಬರಲಿಲ್ಲ. ಬಿಸಿಲೇರುವ ತನಕ ಅವರು ಅಲ್ಲೇ ನಿಂತರು. ಗುತ್ತಿಗೆದಾರ ತಮ್ಮನ್ನು ಹೇಳದೆ ಕೇಳದೆ ತೆಗೆದುಹಾಕಿದನೆಂದು ತಿಳಿದು ಒಬ್ಬಾಕೆ ನೆಲಕ್ಕೆ ಕುಸಿದು ಅಳತೊಡಗಿದಳು. ಆಪಾ ಹೊರಗೆ ಓಡಿ ಬಂದು ಅವಳನ್ನು ಹಿಡಿದು ಎಬ್ಬಿಸುತ್ತಿದ್ದರು.

ನಾನು ಕಾರ್ಡುಗಳನ್ನು ಮತ್ತೆ ತೆರೆದೆ, ಮಧ್ಯಾಹ್ನದ ಹೊತ್ತಿಗೆ ಎಲ್ಲರೂ ಒಳಗೆ ಹೋದರು. ಆಮೇಲೆ ದಾಖಲೆ ನೋಡಿದೆ. ಶನಿವಾರ ಬೆಳಿಗ್ಗೆ ಕಾರ್ಡು ಮುಚ್ಚುವ ಜಾಬ್ ಒಂದು ನಡೆದಿತ್ತು. ನಡೆಸಿದವರ ಹೆಸರು: ಆಪಾ. ಜಾಬ್ ಎಲ್ಲಿಂದ ಬಂತು ಎಂಬುದು ನಮ್ಮ ದಾಖಲೆಯಲ್ಲಿ ಇರುವುದಿಲ್ಲ, ಅದು ಕಳಿಸಿದ ಊರಿನ ಯಂತ್ರದಲ್ಲಿರುತ್ತದೆ. ಶನಿವಾರ ಆಪಾ ತಮ್ಮ ಕುರ್ಚಿಯಲ್ಲೇ ಇದ್ದರು, ಅದೇ ಹೊತ್ತಿನಲ್ಲಿ ಲೇಬಲ್ಲು ತೆಗೆಯುತ್ತಿದ್ದರು. "ನಾನ ಏನರೆ ತಪ್ಪಿ ಒತ್ತಿದೆನೇನೋ ತಮ್ಮಾ" ಎಂದು ಅವರೇ ಅಂದರು.

ಮ್ಯಾನೇಜರ್ ನನ್ನನ್ನು ಕರೆಸಿದರು. ಹುಬ್ಬಳ್ಳಿಯ ಹೆಡ್ ಆಫೀಸಿನಿಂದ ಮರುದಿನ ತಪಾಸಣೆಯವರು ಬರುವವರಿದ್ದರು.

"ಯಾರ ಖಾತೆ?"

"ಆಪಾಂದು."

"ಆಕಿ ಗುಪ್ತಪದ ಬ್ಯಾರೆ ಯಾರಿಗರೆ ಗೊತ್ತೈತೇನು?"

"ಇಲ್ರಿ, ಅವರಿಗೊಬ್ಬರಿಗೇ."

ನಾನು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ನಕ್ಷತ್ರದ ದಾರಿಯಲ್ಲಿ ಬರುವವರಿಗೆ ಗುಪ್ತಪದವೇ ಬೇಕಿಲ್ಲ ಎಂಬ ಇನ್ನೊಂದು ಮಾತನ್ನು ಸೇರಿಸಿದ್ದರೆ ಸಾಕಿತ್ತು. ಅದು ಗಂಟಲ ತನಕ ಬಂದದ್ದು ನೆನಪಿದೆ. ಆ ತಿಂಗಳು ನನ್ನ ನೌಕರಿ ಕಾಯಂ ಆಗುವುದಿತ್ತು. ಸಾಹೇಬರು ಕಾಗದದ ಮೇಲೆ ಏನೋ ಗೀಚಿಕೊಂಡು, ಹೋಗಬಹುದೆಂದು ತಲೆ ಆಡಿಸಿದರು. ನಾನು ಹೊರಗೆ ಬಂದೆ.

ಅಂದೇ ಮಧ್ಯಾಹ್ನದ ಬಸ್ಸಿಗೆ ಹಳಿಯಾಳಕ್ಕೆ ಹೋದೆ. ಅಲ್ಲಿಯ ಯಂತ್ರದಲ್ಲಿ ಎಲ್ಲ ಸ್ಪಷ್ಟವಾಗಿತ್ತು. ನಾಲ್ಕೂ ಜನ ಕೆಲಸ ಬಿಟ್ಟಿದ್ದ ತಮ್ಮ ಒಂದು ಚಿಕ್ಕ ವಿಭಾಗದ ಕಾರ್ಡುಗಳನ್ನು ಒಟ್ಟಿಗೆ ಮುಚ್ಚಲು ಹೋದ ಸೂಪರ್‌ವೈಸರ್ ಯಾವ ಊರು, ಯಾವ ವಿಭಾಗ ಎಂದು ಬರೆಯುವ ಜಾಗದಲ್ಲಿ ತಪ್ಪು ಸಂಖ್ಯೆ ಒತ್ತಿದ್ದ. ಅದು ನಮ್ಮ ಅಂಟು ಶೆಡ್ಡಿನ ಸಂಖ್ಯೆ. ಅವನು ತನ್ನ ಸ್ವಂತ ಅಧಿಕಾರದಲ್ಲಿ ಬಂದಿದ್ದರೆ, ಇದು ನಿನ್ನ ಊರಿನದಲ್ಲ ಎಂದು ದಾಂಡೇಲಿಯ ಯಂತ್ರ ಅವನನ್ನು ಹೊಸ್ತಿಲಲ್ಲೇ ತಡೆಯುತ್ತಿತ್ತು. ಬಂದವರು ಆಪಾ ಎಂದು ನಾನು ಬರೆದಿಟ್ಟಿದ್ದರಿಂದ ಅದು ಕೇಳಿದ್ದನ್ನು ಮಾಡಿತು. ಅವನದು ಬೆರಳಿನ ತಪ್ಪು. ನನ್ನದು ಅದಕ್ಕಿಂತ ಬಹಳ ದೊಡ್ಡದು.

ಅವನಿಗೆ ತೋರಿಸಿದೆ. ನಿವೃತ್ತಿಗೆ ಹತ್ತಿರ ಬಂದ ಮನುಷ್ಯ, ಮುಖ ಬಿಳಿಚಿಕೊಂಡಿತು. "ಮುಪ್ಪಿನ ಕಾಲಕ್ಕ ನನ್ನ ಮಾನಾ ಕಳೀಬ್ಯಾಡ್ರಿ, ನಿಮ್ಮ ಕಾಲ ಬೀಳ್ತೇನಿ" ಅಂದ. ನನಗೆ ಅವನ ಮೇಲೆ ಕನಿಕರ ಬಂತು ಎಂದು ಎಷ್ಟೋ ದಿನ ನನಗೆ ನಾನೇ ಹೇಳಿಕೊಂಡೆ. ಕನಿಕರ ಬಂದದ್ದು ನನ್ನ ಮೇಲೆಯೇ. ಅವನ ಹೆಸರು ಹೊರಬಿದ್ದರೆ ನನ್ನ ನಕ್ಷತ್ರವೂ ಹೊರಬೀಳುತ್ತಿತ್ತು.

ಆಮೇಲೆ ನಾನು ಮಾಡಿದ ಕೆಲಸ ನೆನೆದರೆ ಈಗಲೂ ಮೈ ಉರಿಯುತ್ತದೆ. ಅಲ್ಲೇ ಕೂತು ದಾಂಡೇಲಿಯ ಯಂತ್ರದ ಜೋಡಿಪಟ್ಟಿಯನ್ನು ತಿದ್ದಿದೆ. ನಕ್ಷತ್ರಗಳನ್ನು ಅಳಿಸಿದೆ. ಉಳಿದ ಹತ್ತು ಜನರಿಗೂ ಹತ್ತು ಸಾಲು ಬರೆದೆ, ಯಾರು ಏನು ಮುಟ್ಟಬಹುದು, ಏನು ಮುಟ್ಟಬಾರದು ಎಂದು ಅಳೆದು ತೂಗಿ ಕೊಟ್ಟೆ. ನನ್ನ ಇಡೀ ನೌಕರಿಯಲ್ಲಿ ಅಷ್ಟು ಅಚ್ಚುಕಟ್ಟಾದ ಕೆಲಸ ಇನ್ನೊಂದು ಮಾಡಿಲ್ಲ. ಮರುದಿನ ತಪಾಸಣೆಯವರು ಪಟ್ಟಿ ನೋಡಿ ತಲೆದೂಗಿದರು. ಒಬ್ಬೊಬ್ಬರಿಗೂ ಅವರವರದೇ ಖಾತೆ ಇದೆ, ಆಪಾನ ಖಾತೆಗೆ ಆಪಾನ ಹೊರತು ಯಾರೂ ಬರುವ ಹಾಗೇ ಇಲ್ಲ. ಅಂದಮೇಲೆ ಮಾಡಿದ್ದು ಆಪಾನೇ ಎಂದು ಬರೆದುಕೊಂಡು ಹೋದರು.

ತಪ್ಪೊಪ್ಪಿಗೆ ಬರೆದುಕೊಟ್ಟರೆ ಇಷ್ಟಕ್ಕೇ ಬಿಡುತ್ತೇವೆ, ಇಲ್ಲವಾದರೆ ಕೆಲಸ ಬಿಡಬೇಕಾಗುತ್ತದೆ ಎಂದು ಮ್ಯಾನೇಜರ್ ಹೇಳಿದಾಗ ನಾನೂ ಆ ಕೋಣೆಯಲ್ಲಿದ್ದೆ. ಅಷ್ಟರಲ್ಲಿ ಆಪಾ ತಾವು ಶನಿವಾರ ಮಾಡಿದ್ದನ್ನೆಲ್ಲ ಒಂದೊಂದಾಗಿ ನೆನಪು ಮಾಡಿಕೊಂಡು ಗಟ್ಟಿಯಾಗಿದ್ದರು. "ನಾ ಮಾಡಿಲ್ರಿ. ಮಾಡಲಾರದ್ದಕ್ಕ ನಾ ಸಹಿ ಹಾಕೂದಿಲ್ಲ. ಎಲ್ಲಾರೂ ನನ್ನ ಹೆಸರಲೆ ಕೆಲಸ ಮಾಡ್ತಿದ್ರು, ಇವರನ್ನ ಕೇಳ್ರಿ" ಎಂದು ನನ್ನ ಕಡೆ ತಿರುಗಿದರು. ಸಾಹೇಬರೂ ನನ್ನನ್ನು ನೋಡಿದರು. ತಾವೇ ಆಡಿದ ತಮಾಷೆ ಅವರಿಗೆ ನೆನಪಿರಲಿಲ್ಲ, ಅಥವಾ ನೆನಪು ಬೇಕಿರಲಿಲ್ಲ.

"ಪಟ್ಟಿ ನೋಡ್ಯಾರಲ್ರಿ" ಅಂದೆ. ಆಪಾನಿಗೆ, "ನಾ ಇನ್ನೊಮ್ಮೆ ನೋಡ್ತೇನಿ ಆಪಾ" ಅಂದೆ.

ಅವರು ನನ್ನ ಮಾತನ್ನು ನಂಬಿದರು. ರಂಜಾನ್ ಹಬ್ಬ ಮುಗಿಯುವ ತನಕ ಸಮಯ ಕೊಡಿ ಎಂದು ಸಾಹೇಬರನ್ನು ಕೇಳಿಕೊಂಡರು. ಅಷ್ಟರೊಳಗೆ ತಮ್ಮ ಏನಾದರೂ ಹುಡುಕಿ ತೆಗೆಯುತ್ತಾನೆ ಎಂಬ ಭರವಸೆ ಅವರಿಗೆ. ಇತ್ತ ಅಂಟು ಶೆಡ್ಡಿನ ಹೆಂಗಸರಿಗೆ ಸುದ್ದಿ ಮುಟ್ಟಿತ್ತು. ಹೊರಗಿನವರು ಮಾಡಿದ್ದರೆ ಅವರು ಇಷ್ಟು ನೊಂದುಕೊಳ್ಳುತ್ತಿರಲಿಲ್ಲ. ನಮ್ಮ ಓಣಿಯಾಕೆ, ನಮ್ಮ ತಲೆ ಬಾಚಿ ಫೋಟೋ ತೆಗೆದಾಕೆ, ನಮ್ಮನ್ನೇ ಹೊರಗೆ ಹಾಕಿದಳು ಎಂದು ಮಾತು ಬಿಟ್ಟರು. ನಳದ ಹತ್ತಿರ ಆಪಾ ಬಂದರೆ ಕೊಡ ಎತ್ತಿಕೊಂಡು ಹೋಗುತ್ತಿದ್ದರು. ಆ ಹಬ್ಬಕ್ಕೆ ಆಪಾ ಕಳಿಸಿದ ಸುರಕುಂಬಾ ಪಾಯಸದ ಡಬ್ಬಿಗಳು ಎಷ್ಟೋ ಮನೆಗಳಿಂದ ಮುಚ್ಚಳ ತೆರೆಯದೆ ತಿರುಗಿ ಬಂದವು. ನಮ್ಮ ಮನೆಗೂ ಡಬ್ಬಿ ಬಂತು. ನಾಚಿಕೆಗೇಡಿ ನಾನು, ಅದನ್ನು ತಿಂದೆ.

ಹಬ್ಬ ಮುಗಿದು ಮೂರನೆಯ ದಿನ ಆಪಾ ನನ್ನನ್ನು ಮೆಟ್ಟಿಲ ಮೇಲೆ ನಿಲ್ಲಿಸಿದರು. "ಏನರೆ ಸಿಕ್ತೇನು ತಮ್ಮಾ?"

"ನೋಡಾಕತ್ತೇನ್ರಿ ಆಪಾ, ಇನ್ನೂ ಏನೂ ಸಿಕ್ಕಿಲ್ಲ."

ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. ನಾನು ಮೆಟ್ಟಿಲನ್ನೇ ನೋಡುತ್ತಿದ್ದೆ. "ಆತು ಬಿಡ್ರಿ ಸರ್" ಎಂದು ಮೇಲೆ ಹೋಗಿ, ಕೊರಳಿನ ಕಾರ್ಡು ತೆಗೆದು ಸಾಹೇಬರ ಮೇಜಿನ ಮೇಲಿಟ್ಟು, ಸಹಿ ಹಾಕದೆ ಮನೆಗೆ ಹೋದರು. ಎರಡು ತಿಂಗಳೊಳಗೆ ಓಣಿಯ ಮನೆಯನ್ನೂ ಬಿಟ್ಟು ಹಳಿಯಾಳದಲ್ಲಿ ತಮ್ಮ ಅಕ್ಕನ ಮನೆ ಸೇರಿದರು. ನನ್ನ ನೌಕರಿ ಕಾಯಂ ಆಯಿತು.

ಹಳಿಯಾಳದ ಬಸ್ ನಿಲ್ದಾಣದ ಹತ್ತಿರ ಅವರು ಝೆರಾಕ್ಸ್ ಅಂಗಡಿ ಇಟ್ಟಿದ್ದಾರೆಂದು ಕೇಳಿದ್ದೆ. ತಿಂಗಳಿಗೊಮ್ಮೆ ಅಲ್ಲಿಗೆ ಹೋಗುವ ನಾನು ಎರಡು ವರ್ಷ ಆ ರಸ್ತೆಯನ್ನೇ ಬಿಟ್ಟು ಹಿಂದಿನ ಗಲ್ಲಿಯಿಂದ ಸುತ್ತು ಹಾಕಿ ಓಡಾಡಿದೆ. ಹೋದ ತಿಂಗಳು ಆ ಸೂಪರ್‌ವೈಸರನ ನಿವೃತ್ತಿ. ಸಮಾರಂಭ ಮುಗಿದ ಮೇಲೆ ಅವನು ನನ್ನನ್ನು ಬದಿಗೆ ಕರೆದು, ತನಗೆ ಹೊದಿಸಿದ ಶಾಲನ್ನು ತೆಗೆದು ನನಗೆ ಹೊದಿಸಿದ. "ನನ್ನ ಮಾನಾ ಉಳಿಸಿದವರು ನೀವು" ಅಂದ. ಅವನ ಕಣ್ಣಲ್ಲಿ ನೀರಿತ್ತು. ಆ ಶಾಲನ್ನು ಅಲ್ಲೇ ಕುರ್ಚಿಯ ಮೇಲೆ ಬಿಟ್ಟು ನೇರ ಆಪಾನ ಅಂಗಡಿಗೆ ನಡೆದೆ.

ಯಾರದೋ ಆಧಾರ್ ಕಾರ್ಡಿನ ಪ್ರತಿ ತೆಗೆಯುತ್ತಿದ್ದರು. ಗಿರಾಕಿ ಹೋಗುವ ತನಕ ನಿಂತೆ. ಆಮೇಲೆ ನಕ್ಷತ್ರ, ಸೂಪರ್‌ವೈಸರ್, ತಿದ್ದಿದ ಪಟ್ಟಿ, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಟ್ಟೆ. ಬಯ್ಯುತ್ತಾರೆ ಅಂದುಕೊಂಡಿದ್ದೆ. ಬಯ್ದರೆ ಹಗುರಾಗುತ್ತೇನೆಂಬ ಆಸೆಯೂ ಇತ್ತು.

"ನನಗ ಅವತ್ತ ಮೆಟ್ಟಲ ಮ್ಯಾಲ ತಿಳದಿತ್ರಿ" ಅಂದರು. ಝೆರಾಕ್ಸ್ ಯಂತ್ರದ ಮುಚ್ಚಳ ಹಾಕಿದರು. "ನನ್ನ ಮುಂದ ಹೇಳಿ ಏನ ಉಪಯೋಗ ಸರ್? ನಾ ಮಾಡಿಲ್ಲ ಅಂತ ನನಗ ಗೊತ್ತೈತಲ್ಲ. ಆ ಹೆಣ್ಣಮಕ್ಕಳ ಮುಂದ ಹೇಳ್ರಿ. ಕೆಲಸ ಬ್ಯಾಡ ನನಗ. ನಾ ಓಣ್ಯಾಗ ಒಮ್ಮೆ ಹೋಗಿ ಬರೂವಂಗ ಆದ್ರ ಸಾಕು."

"ನಾಳೇನೇ ಹೇಳ್ತೇನ್ರಿ ಆಪಾ" ಅಂದೆ.

ಮರುದಿನ ಬೆಳಿಗ್ಗೆ ಪಾಳಿಯ ಹೊತ್ತಿಗೆ ಗೇಟಿಗೆ ಹೋಗಿ ನಿಂತೆ. ಹೇಳಬೇಕಾದದ್ದನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದೆ. ಅಂಟು ಶೆಡ್ಡಿನ ಹೆಂಗಸರು ಮಾತಾಡುತ್ತ, ನಗುತ್ತ ಸಾಲಾಗಿ ಬಂದರು. ಒಬ್ಬೊಬ್ಬರೂ ಕಾರ್ಡು ತೋರಿಸಿದರು, ಗೇಟು ತೆರೆಯುತ್ತ ಹೋಯಿತು. ಅವರಲ್ಲಿ ಹಿರಿಯಳು ನನ್ನನ್ನು ಕಂಡು ನಿಂತಳು. ಅವತ್ತು ಬಿಸಿಲಲ್ಲಿ ಕುಸಿದು ಕೂತು ಅತ್ತವಳು ಅವಳೇ. ಹಿಂದಿದ್ದವರೂ ನಿಂತರು.

"ಯಾಕ್ರಿ ಸಾಹೇಬ್ರ, ಇಲ್ಲಿ ನಿಂತೀರಿ?"

ಎಲ್ಲರೂ ನನ್ನ ಮುಖ ನೋಡುತ್ತಿದ್ದರು. "ಕಾರ್ಡು ಬರೋಬರಿ ನಡೀತಾವ ಇಲ್ಲೋ ಅಂತ ನೋಡಾಕ ಬಂದಿದ್ದೆ" ಅಂದೆ.

"ಏನೂ ತ್ರಾಸ ಇಲ್ರಿ. ಆಪಾ ಹೋದ ಮ್ಯಾಲ ಒಂದ ದಿನಾನೂ ಬಾಗಲಾ ನಿಂತಿಲ್ಲ" ಅಂದಳು.

ನಾನು ಹೂಂ ಅಂದೆ. ಅವರು ಒಳಗೆ ಹೋದರು.